ಹಟ್ಟಿಯ ಹಣಕಾಸು ಮಂತ್ರಿ

ಸಂಜೆಯ ವಿರಾರ್ ಲೋಕಲ್‌ನಲ್ಲಿ ನಿಂತುಕೊಂಡು ಊರಿನ ಮಾತು ಆಡಬಾರದು. ಆಡಿದರೂ ಕನ್ನಡದಲ್ಲಿ ಆಡಬಾರದು. ಯಾವ ಡಬ್ಬಿಯಲ್ಲಿ ಯಾವ ಕುಂದಾಪುರದವರು ನೇತಾಡುತ್ತಿರುತ್ತಾರೋ ಹೇಳಲಿಕ್ಕಾಗದು. ಮೊನ್ನೆ ಬಾಂದ್ರಾ ದಾಟುವಾಗ ಅಣ್ಣಯ್ಯನ ಫೋನು ಬಂತು. ಗದ್ದಲದಲ್ಲಿ ಅವನಿಗೆ ಕೇಳಿಸಲೆಂದು ಗಂಟಲೆತ್ತಿ ಹೇಳಿದೆ: “ಶಾರದೆಗೆ ವಯಸ್ಸಾಯ್ತು ಅಣ್ಣಯ್ಯ. ಇನ್ನು ಇಟ್ಕೊಂಡು ಎಂತ ಪ್ರಯೋಜನ? ಯಾರಾದ್ರೂ ಬಂದ್ರೆ ಕೊಟ್ಬಿಡು.” ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮ ಅತ್ತಿಗೆಯಾ?” ಎಂದು ಕೇಳಿದರು. ದನ ಎಂದೆ. ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಹಾಲು ಕೊಟ್ಟ ದನವನ್ನು ಮಾರುವುದುಂಟಾ ಎಂದು ಅಂಧೇರಿಯವರೆಗೂ ಉಪದೇಶ ನಡೆಯಿತು. ಇಳಿಯುವ ಮುಂಚೆ, “ನಿಮ್ಮ ಹಟ್ಟಿಯಲ್ಲಿ ಎಷ್ಟು ಗಂಟಿ ಉಂಟು?” ಎಂದೆ. “ಹಟ್ಟಿ ಎಲ್ಲಿಂದ ಮಾರಾಯ್ರೆ, ಅದನ್ನು ಒಡೆದು ಕಾರಿಗೆ ಶೆಡ್ ಮಾಡಿದ್ದೇವೆ” ಎಂದರು.

ನಮ್ಮ ಮನೆಯ ಹಟ್ಟಿ ಇನ್ನೂ ಉಳಿದಿದೆ, ನಾನು ಅದರ ಹಣಕಾಸು ಮಂತ್ರಿ. ಸಗಣಿ ಬಾಚುವ ಖಾತೆ ಅಣ್ಣಯ್ಯನದು, ಹಾಲು ಕರೆಯುವ ಖಾತೆ ಅತ್ತಿಗೆಯದು. 1974ರ ಭೂಸುಧಾರಣೆಯಲ್ಲಿ ಅಪ್ಪ ಡಿಕ್ಲರೇಷನ್ ಹಾಕಿ ಗೇಣಿ ಗದ್ದೆಯನ್ನು ಸ್ವಂತ ಮಾಡಿಕೊಂಡರು. ಗದ್ದೆ ನಮ್ಮದಾಯಿತು, ಆದರೆ ಅದರ ಅಕ್ಕಿ ವರ್ಷ ಪೂರ್ತಿ ಬರುತ್ತಿರಲಿಲ್ಲ. ಆದ್ದರಿಂದ ಮನೆಗೊಬ್ಬ ಮುಂಬೈಗೆ ಎಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಆಮೇಲೆ ಒಂದು ಕಚೇರಿಯ ಲೆಕ್ಕದ ವಿಭಾಗಕ್ಕೆ ಸೇರಿದವನು ನಾನು. ತಿಂಗಳ ಮನಿಆರ್ಡರಿನಲ್ಲಿ ತಂಗಿಯ ಮದುವೆ ಆಯಿತು, ಮಾಡಿಗೆ ಹೊಸ ಹಂಚು ಬಂತು, ಹಟ್ಟಿಗೆ ಸಿಮೆಂಟು ನೆಲವೂ ಆಯಿತು. ಗದ್ದೆ ನಮಗೆ ಉಣಿಸಿದ್ದಕ್ಕಿಂತ ನಾವು ಗದ್ದೆಗೆ ಉಣಿಸಿದ್ದೇ ಹೆಚ್ಚು. ಇದನ್ನು ಊರಿನಲ್ಲಿ ಹೇಳಬಾರದು, ಅಲ್ಲಿ ನಾವೆಲ್ಲ ಕೃಷಿಕರು.

ದನ ಮಾರುವ ವಿದ್ಯೆಯನ್ನು ನಾನು ಕಂಡದ್ದು ಊರಿನಲ್ಲಲ್ಲ, ಜೋಗೇಶ್ವರಿಯಲ್ಲಿ. ನಮ್ಮ ಬಿಲ್ಡಿಂಗಿನಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ತಬೇಲಾ ಇದೆ. ಪೊಟ್ಟಣದ ಹಾಲು ನನ್ನ ಹೆಂಡತಿಗೆ ಒಗ್ಗದು, ಹಾಗಾಗಿ ಸಂಜೆ ಕ್ಯಾನು ಹಿಡಿದು ಹೋಗುವುದು ನನ್ನ ಕೆಲಸ. ಮುಂಬೈಯ ಎಮ್ಮೆಗಳನ್ನು ಊರಾಚೆ ಸಾಗಿಸಬೇಕೆಂದು ಸರ್ಕಾರ 1949ರಲ್ಲೇ ಗೋರೆಗಾಂವ್ ಬದಿಯಲ್ಲಿ ಆರೇ ಕಾಲನಿ ಮಾಡಿತು. ಕಾಡು, ಗುಡ್ಡ ಎಲ್ಲ ಸೇರಿ 1,287 ಹೆಕ್ಟೇರು. ಕೊಟ್ಟಿಗೆ ಸರ್ಕಾರದ್ದು, ಎಮ್ಮೆ ಖಾಸಗಿಯವರದು. ಅದರ ಹಿಂದಿದ್ದ ದಾರಾ ಖುರೋಡಿಯವರಿಗೆ 1963ರಲ್ಲಿ ಕುರಿಯನ್ ಮತ್ತು ತ್ರಿಭುವನದಾಸ ಪಟೇಲರ ಜೊತೆಯಲ್ಲೇ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಈಗ ಕುರಿಯನ್ ಹೆಸರೊಂದೇ ಜನರ ಬಾಯಲ್ಲಿ ಉಳಿದಿದೆ. ಊರಾಚೆ ಹೋದ ಎಮ್ಮೆಗಳನ್ನು ಊರೇ ಬೆನ್ನಟ್ಟಿಕೊಂಡು ಬಂತು. ಈಗ ಆರೇ ಎಂದರೆ ಹಾಲಲ್ಲ, ಮೆಟ್ರೊ ಶೆಡ್ಡಿನ ಜಗಳ ನೆನಪಾಗುತ್ತದೆ.

ತಬೇಲಾದ ಭಯ್ಯಾ ಕರು ಹಾಕಿದ ಹೊಸತರಲ್ಲೇ ಎಮ್ಮೆ ಕೊಳ್ಳುತ್ತಾನೆ. ಕಂಬದ ಮೇಲೆ ಸೀಮೆಸುಣ್ಣದಲ್ಲಿ ಎರಡು ಹೊತ್ತಿನ ಹಾಲು ಬರೆಯುತ್ತಾನೆ, ಎಂಜಲು ಬೆರಳಿನಲ್ಲಿ ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ. ಕಂಬದ ಅಂಕಿ ಹಿಂಡಿಯ ಖರ್ಚಿಗಿಂತ ಕೆಳಗಿಳಿಯಿತೋ, ಆ ಎಮ್ಮೆ ಟೆಂಪೊ ಹತ್ತಿತು. ಮುಂದಿನ ಸೂಲಿನವರೆಗೆ ಕಾಯುವ ಮಾತೇ ಇಲ್ಲ. ಮುಂಬೈಯಲ್ಲಿ ಹುಲ್ಲಿನ ಕಡ್ಡಿಗೂ ದುಡ್ಡು, ಎಮ್ಮೆ ಮಲಗುವ ಜಾಗಕ್ಕಂತೂ ಕೇಳಲೇಬೇಡಿ.

ನಮ್ಮಲ್ಲಿ ಹೇಗೆ? ತುಂಬು ಗಬ್ಬದಲ್ಲಿ, ಇಲ್ಲವೇ ಕರು ಹಾಕಿದ ವಾರದಲ್ಲಿ ದನಕ್ಕೆ ಒಳ್ಳೆಯ ಕ್ರಯ. ಆಗ ಅತ್ತಿಗೆ, “ಈಗ ಹೇಗೆ ಮಾರುದು, ಡಿಪೋಕ್ಕೆ ಹಾಲು ಹೋಗ್ತಾ ಉಂಟಲ್ಲ” ಎನ್ನುತ್ತಾರೆ. ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬೇರೆ. ಹಾಲು ಬತ್ತಿದ ಮೇಲೆ, “ಇನ್ನೊಂದು ಇಂಜೆಕ್ಷನ್ ಕೊಡಿಸಿ ನೋಡುವ” ಎನ್ನುತ್ತಾನೆ ಅಣ್ಣಯ್ಯ. ಗಬ್ಬ ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಕೊಳ್ಳುವವರೂ ಇಲ್ಲ. 2021ರಲ್ಲಿ ಕರ್ನಾಟಕದ ಹೊಸ ಗೋಹತ್ಯೆ ನಿಷೇಧ ಕಾಯಿದೆ ಬಂದ ಮೇಲೆ ಮುದಿ ದನದ ಮಾತೆತ್ತಿದರೆ ದಲ್ಲಾಳಿ ಫೋನೇ ಎತ್ತುವುದಿಲ್ಲ. ಮನೆಯ ಗದ್ದೆಯ ಹುಲ್ಲು ಕಟಾವಿನ ಮೆಷಿನ್ನಿಗೆ ಸಿಕ್ಕಿ ಪುಡಿಯಾಗಿ, ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ಲಾರಿಯ ಬಾಡಿಗೆ ಹಣಕಾಸು ಮಂತ್ರಿಯ ಖಾತೆಯಿಂದ.

ಲೆಕ್ಕದವನಾದ ನನಗೆ ತಡವಾಗಿ ಹೊಳೆದದ್ದು ಇದು: ಹಾಲಿನಲ್ಲೇ ಬದುಕುವವನು ಹೊತ್ತಿಗೆ ಸರಿಯಾಗಿ ಮಾರುತ್ತಾನೆ. ನಮ್ಮ ದನ ಮಾರಾಟವಾಗದಿರುವುದು ನಮ್ಮ ಕರುಣೆಯಿಂದಲ್ಲ, ನನ್ನ ಸಂಬಳದಿಂದ. ಸಂಬಳವಿರುವ ಮನೆಯ ದನಕ್ಕೆ ಮಾತ್ರ ಮುಪ್ಪು ಬರುತ್ತದೆ. ಶಾರದೆಗೆ ಈಗ ಹಲ್ಲು ಸವೆದಿದೆ, ಗೊರಸು ಉದ್ದವಾಗಿ ನಡೆಯುವಾಗ ಟಕ್ ಟಕ್ ಎನ್ನುತ್ತದೆ, ಗಂಜಿಗೆ ಉಪ್ಪು ಕಡಿಮೆಯಾದರೆ ಮೂತಿ ತಿರುಗಿಸುತ್ತಾಳೆ. ಇದೆಲ್ಲ ನನ್ನ ಪಿಂಚಣಿ ಶುರುವಾದ ಮೇಲೂ ಮುಂದುವರಿದಿದೆ.

ಒಂದು ಸಂಜೆ ಭಯ್ಯಾನ ವ್ಯವಹಾರಜ್ಞಾನವನ್ನು ಹೊಗಳಿದೆ. ಅವನು ಹಾಲು ಸುರಿಯುತ್ತಾ ನಕ್ಕ. ಜೌನ್‌ಪುರದ ಅವನ ಮನೆಯಲ್ಲಿ ಒಂದು ಗೊಡ್ಡೆಮ್ಮೆ ಇದೆಯಂತೆ. ಅಮ್ಮ ಮಾರಗೊಡುವುದಿಲ್ಲ, ಇವನು ಇಲ್ಲಿಂದ ಹುಲ್ಲಿಗೆ ದುಡ್ಡು ಕಳಿಸುತ್ತಾನೆ. “ಅದನ್ನೂ ಕಂಬದ ಮೇಲೆ ಬರೀತೀಯಾ?” ಎಂದೆ. “ಅದಕ್ಕೆ ಕಂಬ ಎಲ್ಲಿದೆ ಸೇಠ್, ಅದು ಅಂಗಳದಲ್ಲೇ ತಿರುಗಾಡಿಕೊಂಡಿರುತ್ತೆ” ಎಂದ. ಆ ದಿನ ಅಳತೆಯ ಮೇಲೆ ಒಂದು ಸೌಟು ಹೆಚ್ಚೇ ಹಾಕಿದ.

ಈಗ ಖಾತೆ ಬದಲಾವಣೆಯ ಮಾತು ನಡೆದಿದೆ. ಅಣ್ಣಯ್ಯನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮೊನ್ನೆ ನನಗೊಂದು ಎಕ್ಸೆಲ್ ಹಾಳೆ ಕಳಿಸಿದ: ಹಿಂಡಿ, ಹುಲ್ಲು, ಡಾಕ್ಟರು, ಹಾಲು, ಗೊಬ್ಬರ, ಎಲ್ಲ ಬಣ್ಣ ಬಣ್ಣದ ಸಾಲುಗಳಲ್ಲಿ. ಕಡೆಯ ಸಾಲು ಕೆಂಪು. ಶಾರದೆಯನ್ನೂ ಅವಳ ಮಗಳನ್ನೂ ಕೊಟ್ಟುಬಿಡುವುದೇ ಲೇಸು ಎಂದು ಕೆಳಗೆ ಷರಾ. ನನ್ನ ವಂಶದಲ್ಲೊಬ್ಬ ಲೆಕ್ಕ ಬಲ್ಲವನು ಹುಟ್ಟಿದನಲ್ಲ ಎಂದು ಹೆಮ್ಮೆಯಿಂದ ಫೋನು ಮಾಡಿದೆ.

“ಹೌದು ಚಿಕ್ಕಪ್ಪ, ಲಾಸೇ” ಎಂದ. “ಅದಿರ್ಲಿ, ಸಿಮೆಂಟ್ ನೆಲದಲ್ಲಿ ಶಾರದೆಗೆ ಮಂಡಿ ನೋವಂತೆ, ಅಮ್ಮ ಹೇಳಿದ್ರು. ರಬ್ಬರ್ ಮ್ಯಾಟ್ ಆರ್ಡರ್ ಮಾಡಿದ್ದೇನೆ. ಒಂದು ಸಾಕಾ, ಕರುವಿಗೂ ಬೇಕಾ?”