ಬಿಲ ಪಂಚಾಯ್ತಿ

ಹಿತ್ತಿಲಲ್ಲಿ ಹತ್ತು ಬಿಲಗಳಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬದನೆ ಮಡಿಯ ಪಕ್ಕ ಹೆಗ್ಗಣ ಸಂಸಾರ ಹೂಡಿದರೆ ಅದರ ಪಾಡು ಅದಕ್ಕೆ. ಮನೆ ಮುಂದಿನ ಹುಲ್ಲುಹಾಸಿನಲ್ಲಿ ಒಂದು ತೂತು ಬಿತ್ತೋ, ಬೀದಿಗೆ ಬೀದಿಯೇ ಗೇಟಿನ ಹತ್ತಿರ ನೆರೆಯುತ್ತದೆ. ಈ ಹುಲ್ಲುಹಾಸಿನ ಜಾತಕವೇ ಹಾಗೆ. ಅದನ್ನು ಮುಡಿಯುವಂತಿಲ್ಲ, ಹುಳಿಗೆ ಹಾಕುವಂತಿಲ್ಲ, ಅಲ್ಲಿ ಹಸು ಕಟ್ಟುವಂತಿಲ್ಲ. ನೋಡುವುದೊಂದೇ ಅದರ ಪ್ರಯೋಜನವಾದ್ದರಿಂದ ತೂತೂ ಕಣ್ಣಿಗೆ ರಾಚುತ್ತದೆ. ಗಣೇಶನ ಪೂಜೆಗೆ ಹುಡುಕಿ ತರುವ ಗರಿಕೆಯೇ ಬರ್ಮುಡಾ ಹುಲ್ಲೆಂಬ ಹೆಸರಲ್ಲಿ ಕ್ರಿಕೆಟ್ ಮೈದಾನಗಳಲ್ಲಿ ಮೆರೆಯುತ್ತದೆ. ಮೈಸೂರಿನ ನಮ್ಮ ಬಡಾವಣೆಯಲ್ಲಾದರೋ ಅಂಗಳದ ಗರಿಕೆಯನ್ನು ಕೂಲಿ ಕೊಟ್ಟು ಕೀಳಿಸಿ, ನರ್ಸರಿಯಿಂದ ಚದರಡಿ ಲೆಕ್ಕದಲ್ಲಿ ಬೇರೆ ಹುಲ್ಲು ತಂದು ಹಾಸುವುದು ವಾಡಿಕೆ.

ಬಿಲ ಕಂಡ ಕೂಡಲೇ ಅದು ಯಾರದೆಂಬ ತೀರ್ಪು ಹೊರಬೀಳುತ್ತದೆ, ನೋಡಿದವರ ಸ್ವಭಾವಕ್ಕೆ ತಕ್ಕಂತೆ. ಎದುರುಮನೆ ಅಜ್ಜಿಗೆ ತೂತೆಲ್ಲ ನಾಗಪ್ಪನದೇ. ಹಾಲೆರೆಯಲು ದಿನ ನೋಡಲು ಶುರು. ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯವರಿಗೆ ಅದು ಕೇಬಲ್ಲಿನವರ ಕೆಲಸ. ನಮ್ಮ ಮಾಲಿಯೊಬ್ಬನೇ ಕುಕ್ಕರುಗಾಲಲ್ಲಿ ಕೂತು, ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, ಮಣ್ಣನ್ನು ಬೆರಳಲ್ಲಿ ಉದುರಿಸಿ ನೋಡುತ್ತಾನೆ.

"ನಾಗರಾವು ಬಿಲ ತೋಡದು ಉಂಟಾ ಅಜ್ಜಿ? ಅದಕ್ಕೇನು ಕೈ ಅದಾ, ಗುದ್ದಲಿ ಅದಾ?"

ಅಜ್ಜಿ ಸೋಲಲಿಲ್ಲ. "ತೋಡಿದ್ದು ಯಾರಾದ್ರೂ ಆಗಲಪ್ಪ, ಒಳಗಿರೋದು ಯಾರು ಅಂತ ಹೇಳು." ಅದೂ ಸರಿಯೇ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಾಡಿಗೆ ಕೊಟ್ಟದ್ದನ್ನು ಯಾರು ಕಂಡಿದ್ದಾರೆ? ಇಲಿಯ ಬಿಲದಲ್ಲೂ ಅದೇ ಕಥೆ. ಕೈ ಹಾಕಬಾರದೆಂಬ ಮಟ್ಟಿಗೆ ಸಭೆ ಒಮ್ಮತಕ್ಕೆ ಬಂತು.

ಮಾಲಿಯ ಶಾಸ್ತ್ರ ಸರಳ. ಬಾಯಿ ತುಂಬ ಅಗಲವಾಗಿ, ಎದುರಿಗೆ ಹೊಸ ಮಣ್ಣಿನ ಗುಡ್ಡೆಯಿದ್ದರೆ ಹೆಗ್ಗಣ. ಅದಕ್ಕೆ ಒಂದೇ ಬಾಗಿಲು ಸಾಲದು. ಸಂಜೆ ಎಲ್ಲ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚಿಡಬೇಕು. ಬೆಳಿಗ್ಗೆ ತೆರೆದುಕೊಂಡಿರುವುದರಲ್ಲಿ ವಾಸವಿದೆ, ಉಳಿದವು ಖಾಲಿ ಮನೆ. ಅಂಗೈಯಗಲ ಕೆದಕಿ ಬಿಟ್ಟಿದ್ದರೆ ಮುಂಗುಸಿ. ಪೆನ್ಸಿಲ್ ಚುಚ್ಚಿದಂತಿದ್ದರೆ ಚಂದ್ರಮುಕುಟ ಹಕ್ಕಿ ಕೊಕ್ಕು ಇಳಿಸಿದೆ. ಇವೆರಡೂ ಬಂದದ್ದು ಹುಲ್ಲು ಹಾಳುಮಾಡಲು ಅಲ್ಲ, ಊಟಕ್ಕೆ. ಅಲ್ಲೇ ಹಳದಿಯಾದ ಹುಲ್ಲನ್ನು ಹಿಡಿದೆಳೆದರೆ ಚಾಪೆಯ ಹಾಗೆ ಎದ್ದು ಬರುತ್ತದೆ. ಬೇರೇ ಇಲ್ಲ. ಅಡಿಯಲ್ಲಿ ಬೆಳ್ಳಗೆ, ಕೊಬ್ಬಿ, ಕೊಕ್ಕೆಯಾಗಿ ಮಲಗಿರುತ್ತದೆ ಗೊಣ್ಣೆಹುಳು. ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದೆದ್ದು ಬೇವಿನ ಮರಕ್ಕೆ ಮುತ್ತುತ್ತವಲ್ಲ, ಅವುಗಳ ಸಂತಾನ. ಮುಂಗುಸಿಯನ್ನು ಓಡಿಸಿದರೆ ಹುಳು ಉಳಿಯುತ್ತದೆ. ಬೇವಿನ ಹಿಂಡಿ ಹಾಕಿ ಹುಳುವನ್ನು ಕಡಿಮೆ ಮಾಡಿದರೆ ಮುಂಗುಸಿ ತಾನೇ ಬೇರೆ ಮನೆ ನೋಡಿಕೊಳ್ಳುತ್ತದೆ. ಹೇಗೂ 1972ರ ವನ್ಯಜೀವಿ ಕಾಯ್ದೆ ಅದರ ಬೆನ್ನಿಗಿದೆ, ಹಿಡಿಯುವಂತಿಲ್ಲ.

ಹೆಗ್ಗಣಕ್ಕೆ ಅಂಥ ವಕೀಲರಿಲ್ಲ, ಬುದ್ಧಿಯಿದೆ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ. ಬೋನಿಗೆ ವಡೆ ಸಿಕ್ಕಿಸಿದ ರಾತ್ರಿಯೇ ಬಂದು ಬೀಳುವ ಮರ್ಯಾದಸ್ಥ ಅದಲ್ಲ. ಮೊದಲು ಬಾಗಿಲು ಬೀಳದಂತೆ ಕಟ್ಟಿ ಎರಡು ಮೂರು ರಾತ್ರಿ ಪುಕ್ಕಟೆ ವಡೆ ತಿನ್ನಿಸಿ, ವಿಶ್ವಾಸ ಗಳಿಸಿ, ಆಮೇಲೆ ಮೋಸ ಮಾಡಬೇಕು. ಅಷ್ಟರಲ್ಲಿ ಮನೆಯಲ್ಲಿ, "ನಮಗೊಂದು ದಿನ ವಡೆ ಮಾಡಿಸಿದ್ದುಂಟಾ?" ಎಂಬ ಪ್ರಶ್ನೆ ಏಳುತ್ತದೆ. ವಿಷ ಇಟ್ಟರೆ, ಅದನ್ನು ತಿಂದ ಹೆಗ್ಗಣವನ್ನು ತಿಂದು ಗೂಬೆಯೋ ಬೆಕ್ಕೋ ಸಾಯಬಹುದು. ಹೆಗ್ಗಣ ಬಿಲದೊಳಗೇ ಸತ್ತರಂತೂ ಅದರ ವಿಳಾಸ ಇಡೀ ಬೀದಿಗೆ ಮೂಗಿನಿಂದಲೇ ತಿಳಿಯುತ್ತದೆ. ಅಗೆದೇ ಹಿಡಿಯೋಣವೆಂದರೆ ಹುಲ್ಲುಹಾಸೇ ಹೋಗುತ್ತದೆ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತ್ತು.

ಇನ್ನುಳಿದದ್ದು ಬೀದಿನಾಯಿ. ಇದರದು ಬಿಲವಲ್ಲ, ಗುಂಡಿ. ಏಪ್ರಿಲ್ ಬಿಸಿಲಿಗೆ ಅಡಿಯ ತಂಪು ಮಣ್ಣು ತೋಡಿಕೊಂಡು ಹೊಟ್ಟೆ ಊರಿ ಮಲಗುವ ಉಪಾಯ. ಮಾಲಿ ಮುಚ್ಚಿದಷ್ಟೂ ಅದು ತೋಡಿತು. ಕೊನೆಗೆ ನನ್ನಾಕೆ ಅಳೆದು ನೋಡಿ, ಬಾಳೆಗೆ ಬೇಕಾದ ಒಂದೂವರೆ ಅಡಿ ಆಳ ಹೆಚ್ಚುಕಡಿಮೆ ಸರಿಯಾಗಿದೆಯೆಂದು ಗೊಬ್ಬರ ತುಂಬಿ ಏಲಕ್ಕಿ ಬಾಳೆಯ ಕಂದು ನೆಟ್ಟಳು. ಹುಲ್ಲುಹಾಸಿನಲ್ಲಿ ಮೊದಲ ಬಾರಿಗೆ ತಿನ್ನುವಂಥದ್ದೊಂದು ಚಿಗುರಿತು. ಜೊತೆಗೊಂದು ನಿಂಬೆ ಇರಲೆಂದು ಗುಂಡಿಯ ಜಾಗವನ್ನೂ ಗುರುತು ಮಾಡಿದ್ದೇವೆ. ಬಿಸ್ಕತ್ತು ಹಾಕಿ ಕರೆದರೂ ನಾಯಿ ಮಾತ್ರ ಈಗ ಆ ಕಡೆ ಕಾಲಿಡುತ್ತಿಲ್ಲ.