ಆರಂಭಿಕ ಮೀಮಾಂಸೆ

1. ಪೀಠಿಕೆ

ಕ್ರಿಕೆಟ್ಟಿನಲ್ಲಿ ಸರ್ವಶ್ರೇಷ್ಠ ಓಪನರ್ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಅಲ್ಪಜ್ಞರು. ಬಲ್ಲವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವರು ಹುಡುಕುವುದು ಪ್ರಮಾಣವನ್ನು. ಈ ಶಾಸ್ತ್ರದಲ್ಲಿ ಸಿದ್ಧಾಂತ ಮೊದಲು, ಪ್ರಮಾಣ ಆಮೇಲೆ. ಉಳಿದ ಶಾಸ್ತ್ರಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದರಿಂದಲೇ ಅಲ್ಲೆಲ್ಲ ಅಷ್ಟೊಂದು ಗೊಂದಲ.

2. ಪ್ರಮಾಣ ವಿಚಾರ

ಪ್ರಮಾಣಗಳು ಮೂರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಟಿ.ವಿ.ಯ ಹೈಲೈಟ್ಸೂ ಇದರಲ್ಲೇ ಸೇರುತ್ತದೆ. ‘ಸೆಹ್ವಾಗ್ ಏನಾದರೂ ಲಾರ್ವುಡ್ ಕೈಗೆ ಸಿಕ್ಕಿದ್ದರೆ...’ ಎನ್ನುವುದು ಅನುಮಾನ. ರೇಡಿಯೋ ಕಾಮೆಂಟರಿಯಲ್ಲಿ ಕೇಳಿದ್ದು ಶಬ್ದ; ಎದುರಾಳಿ ಹುಟ್ಟುವ ಮುಂಚಿನ ಮ್ಯಾಚಾದರೆ ಇದಕ್ಕಿಂತ ದೊಡ್ಡ ಪ್ರಮಾಣವಿಲ್ಲ.

ಸರಾಸರಿ ಮಾತ್ರ ಪ್ರಮಾಣವಲ್ಲ. ಆಗಿದ್ದರೆ ಟೆಸ್ಟಿನಲ್ಲಿ 60.73 ಸರಾಸರಿಯ ಹರ್ಬರ್ಟ್ ಸಟ್‌ಕ್ಲಿಫ್‌ಗೆ ಪಟ್ಟ ಕಟ್ಟಿ ಎಲ್ಲರೂ ಎಂದೋ ಮನೆಗೆ ಹೋಗಬೇಕಿತ್ತು. ಯಾರೂ ಹೋಗಿಲ್ಲ. ಅವರ ಜೊತೆಗಾರ ಜ್ಯಾಕ್ ಹಾಬ್ಸ್ ಅವರದು 56.94, ಆದರೂ ಪಂಡಿತರು ಕೈಮುಗಿಯುವುದು ಹಾಬ್ಸ್‌ಗೇ. 1926ರಲ್ಲಿ ಓವಲ್‌ನ ಮಳೆಗೆ ನೆಂದ ಪಿಚ್ಚಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಇಬ್ಬರೂ ಸೇರಿ ಮೊದಲ ವಿಕೆಟ್ಟಿಗೆ 172 ಹೊಡೆದರು. ಹಾಬ್ಸ್ ಒಟ್ಟು 100, ಸಟ್‌ಕ್ಲಿಫ್ 161. ಕಥೆ ಹೇಳುವಾಗ ಮೊದಲು ಬರುವ ಹೆಸರು ನೂರರದ್ದು.

3. ಮತಭೇದಗಳು

ದ್ವೈತಿಗಳ ಆಚಾರ್ಯರು ಸುನಿಲ್ ಗಾವಸ್ಕರ್. ಬ್ಯಾಟು ಬೇರೆ, ಚೆಂಡು ಬೇರೆ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡಿಗೂ ನಮಗೂ ಎಂದೆಂದಿಗೂ ಸಂಬಂಧವಿಲ್ಲ. 1971ರ ಚೊಚ್ಚಲ ಸರಣಿಯಲ್ಲೇ ವೆಸ್ಟ್ ಇಂಡೀಸ್ ನೆಲದಲ್ಲಿ 774 ರನ್, ಒಟ್ಟು 34 ಶತಕ, ಹೆಲ್ಮೆಟ್ಟಿನ ಹಂಗಿಲ್ಲ. ಪೂರ್ವಪಕ್ಷದವರು ತಟ್ಟನೆ 1975ರ ಲಾರ್ಡ್ಸ್ ಎತ್ತುತ್ತಾರೆ: ವಿಶ್ವಕಪ್ ಪಂದ್ಯ, ಗುರಿ 335, ಅರವತ್ತು ಓವರೂ ನಿಂತು 174 ಎಸೆತಕ್ಕೆ 36. ದ್ವೈತಿ ಅಳುಕುವುದಿಲ್ಲ: ‘ಔಟಾದರಾ? ಇಲ್ಲವಲ್ಲ!’ ಈ ಮತದ ಕಟ್ಟಾ ಶಾಖೆ ಜೆಫ್ ಬಾಯ್ಕಾಟ್ ಅವರದು. 1967ರಲ್ಲಿ ಹೆಡಿಂಗ್ಲಿಯಲ್ಲಿ ನಮ್ಮ ಮೇಲೆ ಅಜೇಯ 246 ಹೊಡೆದು, ತೀರಾ ನಿಧಾನವಾಯಿತೆಂದು ಮುಂದಿನ ಟೆಸ್ಟಿನಿಂದ ಹೊರಬಿದ್ದರು.

ಅದ್ವೈತಿಗಳದು ಸೆಹ್ವಾಗ್ ಪಕ್ಷ. ಹೊಸ ಚೆಂಡು, ಹಳೆ ಚೆಂಡು, ಫಾಸ್ಟು, ಸ್ಪಿನ್ನು ಎಂಬ ಭೇದವೆಲ್ಲ ಮಾಯೆ. 2004ರಲ್ಲಿ ಮುಲ್ತಾನಿನಲ್ಲಿ 295ಕ್ಕೆ ಬಂದವರು ಸಕ್ಲೈನ್‌ಗೆ ಸಿಕ್ಸರ್ ಎತ್ತಿಯೇ ತ್ರಿಶತಕ ಮುಟ್ಟಿದರು. ‘ಕಾಲೇ ಆಡುವುದಿಲ್ಲವಲ್ಲ’ ಎಂದು ಆಕ್ಷೇಪಿಸಿದರೆ, ‘ಆತ್ಮಕ್ಕೆ ಕಾಲೆಲ್ಲಿ?’ ಎಂದು ಉತ್ತರ.

ವಿಶಿಷ್ಟಾದ್ವೈತಿಗಳು ಜೋಡಿಯನ್ನಷ್ಟೇ ನಂಬುತ್ತಾರೆ. ಗ್ರೀನಿಜ್, ಹೇನ್ಸ್ ದೇಹದಲ್ಲಿ ಎರಡು, 6,482 ರನ್ನಿನ ಜೊತೆಯಾಟದಲ್ಲಿ ಒಂದು. ಇಬ್ಬರಲ್ಲಿ ಮೇಲು ಯಾರೆಂದು ಕೇಳಿದರೆ ಇವರಲ್ಲೇ ಮತ್ತೆರಡು ಪಂಗಡ.

4. ವಾದಸಭೆ

ಸಭೆ ಸೇರುವುದು ದರ್ಶಿನಿಯ ನಿಂತು ತಿನ್ನುವ ಟೇಬಲ್ಲಿನ ಸುತ್ತ. ಚಮಚವೇ ಬ್ಯಾಟು, ನೀರಿನ ಲೋಟವೇ ಸ್ಟಂಪು. ಅದ್ವೈತಿಯೊಬ್ಬರು ಅಪ್ಪರ್ ಕಟ್ ಮಾಡಿ ತೋರಿಸುವಾಗ ಚಮಚದ ಸಾಂಬಾರು ಹಾರಿ ಅವರದೇ ಬಿಳಿ ಅಂಗಿಯ ಮೇಲೆ ಬಿತ್ತು. ‘ಆಚೆಯದನ್ನು ಬಿಟ್ಟಿದ್ದರೆ ಹೀಗಾಗುತ್ತಿತ್ತೇನ್ರೀ?’ ಎಂದು ದ್ವೈತಿ ಕೇಳಿದ್ದೇ ತಡ, ಅಂದಿನ ವಾದ ಮುಗಿಯಿತು.

5. ಸಿದ್ಧಾಂತ

ಈ ಶಾಸ್ತ್ರಕಾರ ಬೆಂಗಳೂರಿನವನು, ಆದ್ದರಿಂದ ನಿಷ್ಪಕ್ಷಪಾತಿ. ಶ್ರೇಷ್ಠ ಓಪನರನ ಲಕ್ಷಣಗಳು ಹೀಗಿವೆ: ತನ್ನ ಜಾಗವಲ್ಲದಿದ್ದರೂ ಓಪನಿಂಗ್ ಹೋಗತಕ್ಕದ್ದು, ಕೊನೆಯ ವಿಕೆಟ್ ಬಿದ್ದರೂ ಔಟಾಗತಕ್ಕದ್ದಲ್ಲ, ಒಂದು ಇನಿಂಗ್ಸ್ ಮುಗಿಸಿ ಬಂದ ಬೆವರು ಆರುವ ಮೊದಲೇ ಮತ್ತೆ ಓಪನಿಂಗ್ ಹೋಗತಕ್ಕದ್ದು. ಹಾಬ್ಸ್, ಹಟನ್, ಹೇನ್ಸ್ ಮೊದಲ ಲಕ್ಷಣದಲ್ಲೇ ಫೇಲು; ಅವರೆಲ್ಲ ಹುಟ್ಟಾ ಓಪನರ್‌ಗಳು.

ಮೂರೂ ಲಕ್ಷಣ ಕೂಡಿಬಂದದ್ದು 2011ರ ಓವಲ್ ಟೆಸ್ಟಿನಲ್ಲಿ. ಭಾರತದ 300ರಲ್ಲಿ ಅಜೇಯ 146 ಹೊಡೆದು, ಫಾಲೋ ಆನ್ ಬಂತೆಂದು ಪ್ಯಾಡ್ ಸರಿಮಾಡಿಕೊಂಡು ಪುನಃ ಹೊರಟವರು ರಾಹುಲ್ ದ್ರಾವಿಡ್. ಅದಕ್ಕೂ ಹಿಂದೆ, 2006ರ ಲಾಹೋರಿನಲ್ಲಿ, ಸೆಹ್ವಾಗ್ ಜೊತೆ 410 ಸೇರಿಸಿದ್ದರು. 1956ರ ಮಂಕಡ್–ರಾಯ್ ಜೋಡಿಯ 413 ಮೂರೇ ರನ್ನಿನಿಂದ ಉಳಿಯಿತು. ಹಿರಿಯರ ದಾಖಲೆ ಮುರಿಯಬಾರದೆಂಬ ಸೌಜನ್ಯ.

ಅವರು ಮೂರನೇ ಕ್ರಮಾಂಕದವರಲ್ಲವೇ ಎಂಬ ಆಕ್ಷೇಪವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಆಕ್ಷೇಪಿಸಿದವರಲ್ಲಿ ಒಬ್ಬರು ಮುಂಬಯಿಯವರು, ಇನ್ನೊಬ್ಬರು ದೆಹಲಿಯವರು. ಅಲ್ಲಿಗೆ ಆಕ್ಷೇಪ ಬಿದ್ದುಹೋಯಿತು.