ಸಿಂಕ್ ಬಳಕೆಯ ಕೈಪಿಡಿ (ಪರಿಷ್ಕೃತ ಆವೃತ್ತಿ)

ಮೂರು ಹೊತ್ತು ಬೇಯಿಸಿ ತಿನ್ನುವ ಎಲ್ಲ ಮನೆಗಳಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಬಳಸುವ ಮೊದಲು ಪೂರ್ತಿ ಓದಿ. ಓದುತ್ತಾ ಕಾಫಿ ಕುಡಿಯಬೇಕೆನಿಸಿದರೆ ಬೆಳಗಿನ ಲೋಟವನ್ನೇ ಹುಡುಕಿ. ಹೊಸ ಲೋಟಕ್ಕೆ ಕೈ ಹಾಕಿದರೆ ವಾರಂಟಿ ರದ್ದು.

ಜೋಡಣೆ: ಮನೆಯಲ್ಲಿರುವ ತಲೆ ಎಣಿಸಿ. ತಲೆಗೊಂದು ತಟ್ಟೆ, ಒಂದು ಲೋಟ ಹೊರಗಿಟ್ಟು ಉಳಿದದ್ದನ್ನು ಅಟ್ಟಕ್ಕೇರಿಸಿ. ಮದುವೆಗೆ ಬಂದವರು ಹೆಸರು ಕೊರೆಸಿ ಕೊಟ್ಟ ಸ್ಟೀಲ್ ಲೋಟಗಳ ಮೇಲೆ ಮಮತೆ ಸಹಜ. ಅಟ್ಟದಲ್ಲಿದ್ದರೂ ಹೆಸರು ಅಳಿಸುವುದಿಲ್ಲ. ನೀರನ್ನು ಎತ್ತಿ ಕುಡಿಯಲು ಕಲಿತರೆ ಇನ್ನೂ ಮೇಲು. ತುಟಿ ತಾಗದ ಚೊಂಬು ಎಂಜಲಾಗದು, ಒಂದೇ ಚೊಂಬು ಮನೆಮಂದಿಗೆಲ್ಲ ಸಾಕು. ಕಲಿಯುವ ದಿನಗಳಲ್ಲಿ ಒದ್ದೆಯಾಗುವ ಅಂಗಿಗಳು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಕಾರ್ಯವಿಧಾನ: ಪಾತ್ರೆ ಹೆಚ್ಚಿಸುವ ಮುಖ್ಯ ಅಪರಾಧಿ ಬಗ್ಗಿಸುವ ಚಟ. ಬೆಳಗ್ಗೆ ದೊಡ್ಡ ಪಾತ್ರೆಯಲ್ಲಿ ಕುದಿದ ಸಾರು ಮಧ್ಯಾಹ್ನ ಚಿಕ್ಕದಕ್ಕೆ, ರಾತ್ರಿ ಬಟ್ಟಲಿಗೆ, ಮಲಗುವ ಮುಂಚೆ ಫ್ರಿಜ್ಜಿನ ಡಬ್ಬಿಗೆ ಇಳಿಯುತ್ತದೆ. ಮರುದಿನ ಅದನ್ನು ಯಾರೂ ಮುಟ್ಟುವುದಿಲ್ಲ. ಕೊನೆಗೆ ಚೆಲ್ಲುವ ಒಂದು ಸೌಟು ಸಾರಿಗಾಗಿ ನಾಲ್ಕು ಪಾತ್ರೆ ತಿಕ್ಕಿದಂತಾಯಿತು. ಕುದಿಸಿದ ಪಾತ್ರೆಯಲ್ಲೇ ಬಡಿಸಿ, ಅದರಲ್ಲೇ ಮುಗಿಸಿ.

ಅಜ್ಜಿಯಂದಿರು ಇಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಒಗ್ಗರಣೆ ಸೌಟನ್ನು ಬಿಸಿಬಿಸಿಯಾಗಿ ಸಾರಿಗೇ ಅದ್ದುವುದು, ಪಲ್ಯದ ಬಾಣಲೆಗೆ ಅನ್ನ ಹಾಕಿ ಕಲಸಿ ಮಕ್ಕಳಿಗೆ ತುತ್ತು ಕೊಡುವುದು, ಹಾಲು ಕಾಸಿದ ಪಾತ್ರೆಯಲ್ಲೇ ಕಾಫಿ ಬೆರೆಸುವುದು. ಮಿಕ್ಸಿ ಬಂದ ಮೇಲೆ ಜಾರಿಗೆ ನೀರು ಹಾಕಿ ಒಂದು ಸುತ್ತು ತಿರುಗಿಸಿ ಆ ನೀರನ್ನು ಹುಳಿಗೆ ಸೇರಿಸುವುದೂ ಇದೇ ಪಾಠದ ಮುಂದುವರಿಕೆ. ಅರ್ಧ ತೊಳೆದಾಯಿತು, ರುಚಿಯೂ ಹೋಗಲಿಲ್ಲ. ಕರಾವಳಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವುದು ಪರಿಮಳಕ್ಕಾಗಿ ಎನ್ನುತ್ತಾರೆ. ಇಡ್ಲಿ ತಟ್ಟೆಯ ಗುಳಿಗಳನ್ನು ಒಂದೊಂದಾಗಿ ತಿಕ್ಕಿದವರಿಗೆ ಬೇರೆ ಕಾರಣವೂ ಹೊಳೆದೀತು.

ಎಚ್ಚರಿಕೆ: ನೆನೆಹಾಕುವುದು.

‘ರೀ, ಪಾತ್ರೆ ತೊಳೆದ್ರಾ?’

‘ನೆನೆಹಾಕಿದ್ದೀನಿ ಕಣೇ.’

ಈ ಉತ್ತರ ಅರ್ಧ ಗಂಟೆಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಮುದ್ದೆಯ ಪಾತ್ರೆಗೆ ಹಿಟ್ಟು ಒಣಗುವ ಮುಂಚೆಯೇ ನೀರು ಬಿದ್ದರೆ ಅಷ್ಟು ಹೊತ್ತೇ ಧಾರಾಳ. ಒಣಗಿದರೆ ಉಳಿ ಸುತ್ತಿಗೆ ಹುಡುಕಬೇಕು. ಚಪಾತಿ ಹಿಟ್ಟು ಕಲಸಿದ ಬೋಗುಣಿಗೆ, ಹಾಲಿನ ಪಾತ್ರೆಗೆ ತಣ್ಣೀರು, ಜಿಡ್ಡಿಗೆ ಬಿಸಿನೀರು. ಅದಲು ಬದಲಾದರೆ ಬೋಗುಣಿಯಲ್ಲಿ ಅಂಟು ತಯಾರಾಗುತ್ತದೆ.

ಯಂತ್ರ ಕೊಳ್ಳುವವರಿಗೆ: ಅಮೆರಿಕದ ಜೋಸೆಫೀನ್ ಕಾಕ್ರೇನ್ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ತೊಳೆಯುವ ಆಳುಗಳು ಪಿಂಗಾಣಿ ಒಡೆಯುತ್ತಿದ್ದುದೇ ಅವರ ಸಂಕಟವಾಗಿತ್ತು ಎನ್ನುತ್ತಾರೆ. ನಮ್ಮ ಸಂಕಟ ಬೇರೆ. ಕಬ್ಬಿಣದ ಕಾವಲಿಯನ್ನಾಗಲಿ ಹಿತ್ತಾಳೆ ಪಾತ್ರೆಯನ್ನಾಗಲಿ ಅದರೊಳಗೆ ಇಡುವಂತಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಅದಕ್ಕೆ ಉಪ್ಪನ್ನೂ ಉಣಿಸಬೇಕು. ತೊಳೆದದ್ದನ್ನು ಹೊರತೆಗೆದು ಕಪಾಟಿಗೆ ಜೋಡಿಸುವ ಯಂತ್ರ ಮಾತ್ರ ಅಂಗಡಿಗೆ ಬಂದಿಲ್ಲ. ಆ ಕೆಲಸ ಈಗಲೂ ಮೊದಲು ತೊಳೆಯುತ್ತಿದ್ದವರದೇ.

ಬಳಕೆದಾರರ ವಿವರ: ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ನೆನೆಹಾಕಿ ಟಿವಿ ನೋಡಿದ ಹೊತ್ತನ್ನೂ ಸೇರಿಸಿ 97 ಆಗಿರಬೇಕೆಂದು ನನ್ನ ಗುಮಾನಿ. ಆದ್ದರಿಂದ ಈ ಆವೃತ್ತಿಯಲ್ಲಿ ಒಂದು ತಿದ್ದುಪಡಿ: ಉಂಡವರ ತಟ್ಟೆ ಉಂಡವರ ಕೈಗೆ. ಸಿಂಕಿನವರೆಗೆ ತಲುಪಿಸುವುದನ್ನು ತೊಳೆದಂತೆ ಲೆಕ್ಕ ಹಿಡಿಯುವುದಿಲ್ಲ.

ದೋಷ ಪತ್ತೆ: ಎಲ್ಲ ತೊಳೆದು, ಕಟ್ಟೆ ಒರೆಸಿ, ಕೈ ಒಣಗುವಷ್ಟರಲ್ಲಿ ಸಿಂಕಿನಲ್ಲಿ ಒಂದು ಲೋಟ ಪ್ರತ್ಯಕ್ಷವಾದರೆ ಗಾಬರಿಯಾಗಬೇಡಿ. ಇದು ತಯಾರಿಕೆಯ ದೋಷವಲ್ಲ. ಲೋಟವನ್ನು ಹಾಗೆಯೇ ಎತ್ತಿಕೊಂಡು ಹಾಲಿಗೆ ಹೋಗಿ, ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿಯಿರಿ.